ಬೆಕ್ಕಿನ ತಟ್ಟೆಗೆ ಸೊಪ್ಪಿನ ಪಲ್ಯ ಬೇಕೆ?

ಪರೀಕ್ಷೆ ಮುಗಿದು, ಔಷಧಿಯ ಚೀಟಿ ಕೈಗೆ ಬಂದು, ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳುವ ಪ್ರಶ್ನೆಗಳು ಕೆಲವಿವೆ. ‘ಡಾಕ್ಟ್ರೇ, ಇನ್ನೊಂದು ಮಾತು. ನಮ್ಮನೆ ಬೆಕ್ಕಿಗೆ ಪಾಲಕ್ ಪಲ್ಯ ಕಲೆಸಿದ ಅನ್ನ ಹಾಕಬಹುದೆ?’ ಎನ್ನುವುದು ಅಂಥದ್ದೊಂದು ಪ್ರಶ್ನೆ. ಪ್ರಾಣಿಗಳ ಚಿಕಿತ್ಸೆ ಪಶುವೈದ್ಯರ ಕ್ಷೇತ್ರ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಈ ಪ್ರಶ್ನೆ ಹುಟ್ಟುವುದಕ್ಕೆ ನಮ್ಮಂಥ ವೈದ್ಯರೇ ಒಂದು ರೀತಿಯಲ್ಲಿ ಕಾರಣ. ರಕ್ತಹೀನತೆಗೆ ಸೊಪ್ಪು ತಿನ್ನಿ, ಮಲಬದ್ಧತೆಗೆ ಸೊಪ್ಪು ತಿನ್ನಿ, ಕಣ್ಣಿಗೆ ಸೊಪ್ಪು ತಿನ್ನಿ ಎಂದು ದಿನಕ್ಕೆ ಹತ್ತು ಸಲ ಹೇಳುವವರು ನಾವು. ಮನೆಮಂದಿಗೆಲ್ಲ ಒಳ್ಳೆಯದಾದ ಸೊಪ್ಪು ಮನೆಯ ಬೆಕ್ಕಿಗೂ ಒಳ್ಳೆಯದೇ ಇರಬೇಕಲ್ಲವೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಗ್ಗರಣೆಯಿಲ್ಲದ, ಉಪ್ಪಿಲ್ಲದ, ಬೇಯಿಸಿದ ಸೊಪ್ಪು ಒಂದು ಚಮಚ ಹೊಟ್ಟೆಗೆ ಹೋದರೆ ಆರೋಗ್ಯವಂತ ಬೆಕ್ಕಿಗೆ ಸಾಮಾನ್ಯವಾಗಿ ಯಾವ ಅಪಾಯವೂ ಇಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಆದರೆ ಸೊಪ್ಪು, ಅನ್ನ, ಮೊಸರು ಇಷ್ಟನ್ನೇ ಬೆಕ್ಕಿನ ನಿತ್ಯದ ಊಟವನ್ನಾಗಿ ಮಾಡಿದರೆ ಅದರ ಕಣ್ಣು ಮತ್ತು ಹೃದಯ ನಿಧಾನವಾಗಿ, ಯಾರಿಗೂ ಗೊತ್ತಾಗದಂತೆ ಕೆಡುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕನ್ನು ಮಗುವಿನಂತೆ ಸಾಕುವವರು ಈ ವಿಷಯವನ್ನು ತಿಳಿದಿರಲೇಬೇಕು.

ನಮಗೆ ಸೊಪ್ಪು ಏಕೆ ಒಳ್ಳೆಯದು?

ಹರಿವೆ, ದಂಟು, ಮೆಂತ್ಯ, ಸಬ್ಬಸಿಗೆ, ಬಸಳೆ, ನುಗ್ಗೆ, ಚಕ್ರಮುನಿ ಇವೆಲ್ಲ ನಮ್ಮ ಅಡುಗೆಮನೆಗೆ ಹೊಸತಲ್ಲ. ಬಸ್ಸಾರು, ಮಸ್ಸೊಪ್ಪು, ತಂಬುಳಿ ಎಂದು ಒಂದೊಂದು ಸೀಮೆಯವರೂ ಸೊಪ್ಪನ್ನು ಒಂದೊಂದು ಬಗೆಯಲ್ಲಿ ಉಣ್ಣುತ್ತಾರೆ. ಈ ಸೊಪ್ಪುಗಳಲ್ಲಿ ಬೀಟಾ ಕ್ಯಾರೊಟಿನ್ ಎಂಬ ವಸ್ತು ಹೇರಳವಾಗಿದೆ. ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವುದೂ ಇದೇ. ಸೊಪ್ಪಿನಲ್ಲಿ ಹಸಿರು ಬಣ್ಣ ಅದನ್ನು ಮರೆಮಾಡಿರುತ್ತದೆ, ಅಷ್ಟೆ.

ಒಂದು ವಿಷಯವನ್ನು ಅನೇಕರು ಗಮನಿಸಿರುವುದಿಲ್ಲ. ಯಾವ ಸೊಪ್ಪಿನಲ್ಲೂ ಸಿದ್ಧರೂಪದ ‘ಎ’ ಜೀವಸತ್ವ ಇರುವುದಿಲ್ಲ. ಇರುವುದು ಅದರ ಕಚ್ಚಾ ಸಾಮಗ್ರಿ ಮಾತ್ರ. ನಮ್ಮ ಸಣ್ಣ ಕರುಳಿನ ಒಳಪದರದಲ್ಲಿರುವ ಒಂದು ಕಿಣ್ವ ಈ ಬೀಟಾ ಕ್ಯಾರೊಟಿನ್ ಅನ್ನು ಕತ್ತರಿಸಿ ‘ಎ’ ಜೀವಸತ್ವವನ್ನಾಗಿ ಮಾಡಿಕೊಳ್ಳುತ್ತದೆ. ಈ ಕೆಲಸಕ್ಕೆ ಸ್ವಲ್ಪ ಎಣ್ಣೆ ಅಥವಾ ತುಪ್ಪವೂ ಬೇಕು. ಆದ್ದರಿಂದಲೇ ಸೊಪ್ಪಿನ ಸಾರಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕುವುದು ರುಚಿಗೂ ಸರಿ, ಪೋಷಣೆಗೂ ಸರಿ. ‘ಎ’ ಜೀವಸತ್ವದ ಕೊರತೆಯಾದ ಮಕ್ಕಳಿಗೆ ಇರುಳುಗುರುಡು ಬರುತ್ತದೆ. ಅದು ಮುಂದುವರಿದರೆ ಶಾಶ್ವತ ಕುರುಡೇ ಆಗಬಹುದು. ಹಾಗಾಗಿ ಈ ಲೇಖನ ಓದಿ ಯಾರೂ ಮನೆಯ ಮಕ್ಕಳ ತಟ್ಟೆಯಿಂದ ಸೊಪ್ಪನ್ನು ತೆಗೆಯಬಾರದು. ಇಲ್ಲಿ ಹೇಳುತ್ತಿರುವುದು ಬೆಕ್ಕಿನ ಮಾತು.

ಏಕೆಂದರೆ ಬೆಕ್ಕಿನಲ್ಲಿ ಆ ಕತ್ತರಿ ಕೆಲಸ ಮಾಡುವುದಿಲ್ಲ. ಬೆಕ್ಕು ಒಂದು ಕಂತೆ ಪಾಲಕ್ ತಿಂದರೂ ಅದರಿಂದ ತನಗೆ ಬೇಕಾದ ‘ಎ’ ಜೀವಸತ್ವ ಮಾಡಿಕೊಳ್ಳಲಾರದು. ಅದಕ್ಕೆ ಈ ಜೀವಸತ್ವ ಸಿದ್ಧರೂಪದಲ್ಲಿ, ಅಂದರೆ ಬೇರೊಂದು ಪ್ರಾಣಿಯ ದೇಹದಲ್ಲಿ ಆಗಲೇ ತಯಾರಾದ ರೂಪದಲ್ಲಿ ಸಿಗಬೇಕು.

ಕರುಳು ಹೇಳುವ ಕಥೆ

ಯಾವ ಪ್ರಾಣಿ ಏನು ತಿನ್ನಲು ಹುಟ್ಟಿದೆ ಎನ್ನುವುದನ್ನು ಅದರ ಹೊಟ್ಟೆ ನೋಡಿ ಹೇಳಬಹುದು. ಹಸುವಿಗೆ ನಾಲ್ಕು ಕೋಣೆಗಳ ಹೊಟ್ಟೆಯಿದೆ. ಮೇದ ಹುಲ್ಲು ಅಲ್ಲಿ ಗಂಟೆಗಟ್ಟಲೆ ಉಳಿದು, ಕೋಟ್ಯಂತರ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಕೊಳೆತು, ಮತ್ತೆ ಬಾಯಿಗೆ ಬಂದು, ಮೆಲುಕು ಹಾಕಿಸಿಕೊಂಡು ಮುಂದೆ ಹೋಗುತ್ತದೆ. ಮೊಲಕ್ಕೆ ಹೊಟ್ಟೆ ಒಂದೇ, ಆದರೆ ದೊಡ್ಡ ಕರುಳು ಶುರುವಾಗುವಲ್ಲಿ ಸೀಕಮ್ ಎಂಬ ಒಂದು ದೊಡ್ಡ ಚೀಲವಿದೆ. ಸೊಪ್ಪುಸದೆ ಅಲ್ಲಿ ಹುದುಗುತ್ತದೆ. ಅಲ್ಲಿ ತಯಾರಾದ ಪೋಷಕಾಂಶ ಹೊರಗೆ ಹೋಗದಿರಲೆಂದು ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿನ್ನುತ್ತದೆ. ನೋಡಿದವರು ಹೇಸಿಕೆ ಪಡಬೇಕಾಗಿಲ್ಲ, ಅದು ಮೊಲದ ಮೆಲುಕು.

ಬೆಕ್ಕಿಗೆ ಇವೆರಡೂ ಇಲ್ಲ. ಅದರ ಕರುಳಿನ ಉದ್ದ ಅದರ ದೇಹದ ಉದ್ದದ ಸುಮಾರು 4 ಪಟ್ಟು ಮಾತ್ರ. ಸೀಕಮ್ ಇದ್ದೂ ಇಲ್ಲದಷ್ಟು ಚಿಕ್ಕದು. ಬಾಯಿ ತೆರೆದಾಗ ನೋಡಿ, ನಮ್ಮಲ್ಲಿರುವಂತೆ ಅರೆಯುವ ಚಪ್ಪಟೆ ದವಡೆಹಲ್ಲುಗಳಿಲ್ಲ, ಇರುವುದೆಲ್ಲ ಕತ್ತರಿಸುವ ಹಲ್ಲು. ಜೊಲ್ಲಿನಲ್ಲಿ ಪಿಷ್ಟವನ್ನು ಕರಗಿಸುವ ರಸವಿಲ್ಲ. ಸಿಹಿಯ ರುಚಿ ಕೂಡ ಬೆಕ್ಕಿಗೆ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟು ನಿಂತಿದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಪಾಯಸಕ್ಕೆ ಬಾಯಿ ಹಾಕುವ ಬೆಕ್ಕು ಬಂದಿರುವುದು ಹಾಲಿನ ಕೊಬ್ಬಿಗೆ, ಬೆಲ್ಲಕ್ಕಲ್ಲ.

ಬೆಕ್ಕಿಗೆ ಬೇಕಾದ ಸಸಾರಜನಕವೂ ಹೆಚ್ಚು. ಬೆಳೆದ ಬೆಕ್ಕಿನ ಆಹಾರದ ಒಣತೂಕದಲ್ಲಿ ಕನಿಷ್ಠ ಶೇ 26ರಷ್ಟು ಸಸಾರಜನಕ ಇರಬೇಕೆಂಬುದು ಅಮೆರಿಕದಲ್ಲಿ ಪಾಲಿಸುವ ಮಾನದಂಡ. ಅಕ್ಕಿಯಲ್ಲಿರುವುದು ಶೇ 7ರ ಆಸುಪಾಸು. ನಾವು ಎರಡು ದಿನ ಗಂಜಿ ಕುಡಿದರೆ ನಮ್ಮ ಯಕೃತ್ತು ಸಸಾರಜನಕದ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಮಿತವ್ಯಯ ಅಷ್ಟಾಗಿ ಗೊತ್ತಿಲ್ಲ. ಊಟದಲ್ಲಿ ಸಸಾರಜನಕ ಇಲ್ಲದಿದ್ದರೆ ಅದು ತನ್ನದೇ ಸ್ನಾಯುಗಳನ್ನು ಕರಗಿಸಿ ಉರಿಸುತ್ತದೆ. ಬರೀ ಅನ್ನ ತಿನ್ನುವ ಬೆಕ್ಕು ಹೊಟ್ಟೆ ತುಂಬಿಯೂ ಬೆನ್ನೆಲುಬು ಕಾಣುವಂತೆ ಸೊರಗುವುದು ಇದರಿಂದಲೇ.

ಟಾರಿನ್ ಎಂಬ ಸಣ್ಣ ವಸ್ತು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಟಾರಿನ್ ಎಂಬುದು ಮಾಂಸ, ಮೀನುಗಳಲ್ಲಿ ಇರುವ ಒಂದು ಅಮೈನೋ ಆಮ್ಲ. ಸೊಪ್ಪು, ತರಕಾರಿ, ಧಾನ್ಯಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಾಲು ಮೊಸರಿನಲ್ಲಿ ಇರುವುದು ತೀರ ಸ್ವಲ್ಪ. ನಮ್ಮ ದೇಹ ಬೇರೆ ಅಮೈನೋ ಆಮ್ಲಗಳಿಂದ ಟಾರಿನ್ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಹುಟ್ಟಾ ಸಸ್ಯಾಹಾರಿಗಳಿಗೂ ಅದರ ಕೊರತೆಯಿಂದ ರೋಗ ಬರುವುದಿಲ್ಲ. ಬೆಕ್ಕಿಗೆ ತಯಾರಿಸಿಕೊಳ್ಳುವ ಶಕ್ತಿ ಬಹಳ ಕಡಿಮೆ. ಅದರ ಮೇಲೆ ಪಿತ್ತರಸಕ್ಕೆಂದು ಅದು ದಿನವೂ ಟಾರಿನ್ ಖರ್ಚು ಮಾಡುತ್ತಲೇ ಇರುತ್ತದೆ. ಬರವು ಇಲ್ಲದೆ ಖರ್ಚು ನಿಲ್ಲದಿದ್ದರೆ ಮನೆಯ ಲೆಕ್ಕ ಏನಾಗುತ್ತದೆಯೋ ಬೆಕ್ಕಿನ ದೇಹದಲ್ಲೂ ಅದೇ ಆಗುತ್ತದೆ.

ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ನಶಿಸುತ್ತದೆ ಎಂಬುದು 1975ರಲ್ಲಿ ಪ್ರಕಟವಾಯಿತು. ಹನ್ನೆರಡು ವರ್ಷಗಳ ನಂತರ, 1987ರಲ್ಲಿ, ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಪಾಲ್ ಪಯಾನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಹೊರಗೆಡವಿದರು. ಹೃದಯ ಹಿಗ್ಗಿ, ಬಲಗುಂದಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರ ಕಡಿಮೆ ಇತ್ತು. ಟಾರಿನ್ ಕೊಟ್ಟಾಗ ಆ ಹೃದಯಗಳು ಚೇತರಿಸಿಕೊಂಡವು. ಅಂಗಡಿಯಲ್ಲಿ ಮಾರುವ ಸಿದ್ಧ ಆಹಾರವನ್ನೇ ತಿಂದು ಬೆಳೆದ ಬೆಕ್ಕುಗಳಲ್ಲೂ ಈ ಕಾಯಿಲೆ ಕಂಡುಬಂದಿತ್ತು. ಅಲ್ಲಿಂದೀಚೆಗೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದವು, ಈ ಬಗೆಯ ಹೃದ್ರೋಗವೂ ಅಪರೂಪವಾಯಿತು. ಒಂದು ಅಪರೂಪದ ರೋಗ ಮತ್ತೆ ತಲೆಯೆತ್ತುವುದು ಎಲ್ಲಿ? ಮನೆಯವರು ಪ್ರೀತಿಯಿಂದಲೇ ಹಾಕುವ ಪಲ್ಯ, ಅನ್ನ, ಮೊಸರಿನ ತಟ್ಟೆಯಲ್ಲಿ.

ನಾಲ್ಕನೆಯ ಮಹಡಿಯ ಬೆಕ್ಕು

ನನಗೆ ಪರಿಚಯವಿರುವ ಒಂದು ಕುಟುಂಬ ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿದೆ. ಕಟ್ಟಾ ಸಸ್ಯಾಹಾರಿಗಳು. ಮಕ್ಕಳು ಮಳೆಯಲ್ಲಿ ನೆನೆಯುತ್ತಿದ್ದ ಮರಿಯೊಂದನ್ನು ಎತ್ತಿ ತಂದು ಸಾಕಿದರು. ಕೆಳಗೆ ನಾಯಿಗಳ ಕಾಟವೆಂದು ಬೆಕ್ಕನ್ನು ಹೊರಗೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿ ಬೇಯಿಸಿದ ಸೊಪ್ಪು ಕಲೆಸಿದ ಅನ್ನ. ಬೆಕ್ಕೂ ಚೆನ್ನಾಗಿಯೇ ತಿನ್ನುತ್ತಿತ್ತು.

ಮೂರನೆಯ ವರ್ಷದಲ್ಲಿ ಬೆಕ್ಕು ಆಟ ಬಿಟ್ಟಿತು. ವಯಸ್ಸಾಯಿತು ಎಂದುಕೊಂಡರು. ಮಬ್ಬುಗತ್ತಲಲ್ಲಿ ಕುರ್ಚಿಯ ಕಾಲಿಗೆ ಮುಖ ಹೊಡೆದುಕೊಳ್ಳತೊಡಗಿತು. ಹಗಲಿನ ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇರುತ್ತಿತ್ತು. ಒಂದು ದಿನ ಬಾಯಿ ತೆರೆದು ಏದುಸಿರು ಬಿಡುವುದನ್ನು ಕಂಡು ಮನೆಯಾಕೆ ನನಗೆ ಫೋನ್ ಮಾಡಿದರು. ಕೂಡಲೇ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಎಂದೆ. ಅಲ್ಲಿ ಎಕ್ಸ್‌-ರೇ ಮತ್ತು ಹೃದಯದ ಸ್ಕ್ಯಾನಿಂಗ್ ಮಾಡಿದಾಗ ಹೃದಯ ಹಿಗ್ಗಿರುವುದು, ಎದೆಯಲ್ಲಿ ನೀರು ತುಂಬಿರುವುದು ಕಂಡಿತು. ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಇದಕ್ಕೆ ಏನು ತಿನ್ನಿಸ್ತೀರಿ?’

ನೀರು ಇಳಿಸುವ ಔಷಧಿ, ಟಾರಿನ್, ಸರಿಯಾದ ಆಹಾರ ಎಲ್ಲ ಶುರುವಾಯಿತು. ನಾಲ್ಕು ತಿಂಗಳಲ್ಲಿ ಹೃದಯ ಬಹುಮಟ್ಟಿಗೆ ಸುಧಾರಿಸಿತು. ಕಣ್ಣು ಸುಧಾರಿಸಲಿಲ್ಲ. ನಶಿಸಿದ ಅಕ್ಷಿಪಟಲ ಮತ್ತೆ ಬೆಳೆಯುವುದಿಲ್ಲ. ಅದು ಈಗ ಮನೆಯ ಗೋಡೆಗಳನ್ನು ಮೀಸೆಯಿಂದ ಸವರಿಕೊಂಡು ಓಡಾಡುತ್ತದೆ. ‘ನಾವು ಒಂದು ದಿನವೂ ಅದನ್ನು ಉಪವಾಸ ಕೆಡವಲಿಲ್ಲವಲ್ಲ’ ಎಂದು ಆ ಮನೆಯ ಅಜ್ಜಿ ಕೇಳಿದರು. ನಿಜ, ಕೆಡವಿರಲಿಲ್ಲ. ಹೊಟ್ಟೆ ತುಂಬುವುದೇ ಬೇರೆ, ದೇಹಕ್ಕೆ ಬೇಕಾದ್ದು ಸಿಗುವುದೇ ಬೇರೆ.

‘ನಮ್ಮಜ್ಜಿಯ ಬೆಕ್ಕು ಮೊಸರನ್ನದಲ್ಲೇ ಬದುಕಿತ್ತಲ್ಲ?’

ಈ ಮಾತನ್ನು ಹೇಳುವವರು ಬಹಳ ಮಂದಿ. ಹಳೆಯ ಮನೆಗಳಲ್ಲಿ ಬೆಕ್ಕಿಗೆ ಪ್ರತ್ಯೇಕ ಅಡುಗೆ ಎಂದಿರಲಿಲ್ಲ. ಎಲ್ಲರ ಊಟವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಒಂದು ತುತ್ತು ಮೊಸರನ್ನ, ಅಷ್ಟೇ. ಆದರೂ ಬೆಕ್ಕು ದುಂಡಗೆ ಇತ್ತು, ವರ್ಷಕ್ಕೆರಡು ಸಲ ಮರಿ ಹಾಕುತ್ತಿತ್ತು. ಹಾಗಾದರೆ ಈ ಟಾರಿನ್ ಎಲ್ಲಿಂದ ಬಂತು?

ಅಟ್ಟದಿಂದ ಬಂತು. ಭತ್ತದ ಕಣಜ, ಕೊಟ್ಟಿಗೆ, ಹುಲ್ಲಿನ ಬಣವೆ ಇದ್ದ ಮನೆಗಳಲ್ಲಿ ಇಲಿಗಳಿಗೆ ಬರವಿರಲಿಲ್ಲ. ಬೆಕ್ಕನ್ನು ಸಾಕುತ್ತಿದ್ದುದೇ ಅದಕ್ಕಾಗಿ. ಅಜ್ಜಿ ಹಾಕಿದ ಮೊಸರನ್ನ ಬೆಕ್ಕಿಗೆ ಉಪಾಹಾರ, ನಿಜವಾದ ಊಟ ರಾತ್ರಿಯ ಬೇಟೆ. ಒಂದು ಇಲಿಯ ಮೈಯಲ್ಲಿ ಬೆಕ್ಕಿಗೆ ಬೇಕಾದ ಟಾರಿನ್, ಸಿದ್ಧರೂಪದ ‘ಎ’ ಜೀವಸತ್ವ, ಸಸಾರಜನಕ, ಕ್ಯಾಲ್ಸಿಯಂ ಎಲ್ಲವೂ ಇರುತ್ತದೆ. ಇಲಿಯ ಜೊತೆಗೆ ಹಲ್ಲಿ, ಓತಿಕೇತ, ಮಿಡತೆ, ಹಕ್ಕಿಗಳೂ ಸಿಗುತ್ತಿದ್ದವು. ಅಜ್ಜಿಯ ಕಣ್ಣಿಗೆ ಬೀಳುತ್ತಿದ್ದುದು ಮೊಸರನ್ನ ಮಾತ್ರ.

ಇವತ್ತಿನ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ, ಕಣಜವಿಲ್ಲ, ಇಲಿ ಬಂದರೆ ವಿಷದ ಬಿಲ್ಲೆಯೋ ಅಂಟುಹಲಗೆಯೋ ಇದೆ. ಬಾಗಿಲು ಕಿಟಕಿಗಳಿಗೆ ಜಾಲರಿ. ನಾವು ಬೆಕ್ಕಿನ ಬೇಟೆಯನ್ನು ತೆಗೆದುಬಿಟ್ಟು ಮೊಸರನ್ನವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಹಳೆಯ ಪದ್ಧತಿ ಎಂದು ನಾವು ಪಾಲಿಸುತ್ತಿರುವುದು ಹಳೆಯ ಪದ್ಧತಿಯ ಅರ್ಧ ಭಾಗ ಅಷ್ಟೇ.

ಎಲೆಯ ವಿಷ, ಯಕೃತ್ತಿನ ಬಡತನ

ಸೊಪ್ಪಿನಿಂದ ಲಾಭವಿಲ್ಲದಿದ್ದರೆ ಹೋಗಲಿ, ಹಾನಿಯೂ ಇದೆಯೆ? ಇದು ಯಾವ ಎಲೆ ಎನ್ನುವುದರ ಮೇಲೆ ಹೋಗುತ್ತದೆ.

ಗಿಡಗಳು ಓಡಿಹೋಗಲಾರವು. ತಿನ್ನಲು ಬಂದವರಿಂದ ಉಳಿದುಕೊಳ್ಳಲು ಅವು ಎಲೆಯಲ್ಲಿ ನಾನಾ ರಾಸಾಯನಿಕಗಳನ್ನು ಇಟ್ಟುಕೊಂಡಿರುತ್ತವೆ. ಎಲೆ ತಿನ್ನುವ ಪ್ರಾಣಿಗಳ ಯಕೃತ್ತಿಗೆ ಇಂಥವನ್ನು ನಿರ್ವಿಷಗೊಳಿಸುವ ಕಿಣ್ವಗಳಿವೆ. ಎಲೆಯನ್ನೇ ತಿನ್ನದ ಬೆಕ್ಕಿನ ಕುಲದಲ್ಲಿ ಅಂಥ ಒಂದು ಮುಖ್ಯ ಕಿಣ್ವದ ವಂಶವಾಹಿ ಕೆಲಸ ನಿಲ್ಲಿಸಿದೆ. ಇದರ ಫಲ ಬರೀ ಎಲೆಗಳಿಗೆ ಸೀಮಿತವಲ್ಲ. ನಮ್ಮ ಮನೆಗಳಲ್ಲಿ ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಮಾತ್ರೆಯನ್ನು ಕರಗಿಸಲು ನಮ್ಮ ಯಕೃತ್ತು ಈ ಬಗೆಯ ಕಿಣ್ವಗಳನ್ನೇ ಬಳಸುತ್ತದೆ. ಬೆಕ್ಕಿಗೆ ಅದು ಸಾಧ್ಯವಿಲ್ಲ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಬೆಕ್ಕಿನ ಮೈ ಬಿಸಿಯಾಗಿದೆ ಎಂದು ಮಗುವಿನ ಜ್ವರದ ಸಿರಪ್ ಕುಡಿಸುವವರು ಇದನ್ನು ನೆನಪಿಡಬೇಕು.

ಪಲ್ಯದಲ್ಲಿ ಸೊಪ್ಪಿಗಿಂತ ಹೆಚ್ಚು ಅಪಾಯಕಾರಿಯಾದದ್ದು ಈರುಳ್ಳಿ ಮತ್ತು ಬೆಳ್ಳುಳ್ಳಿ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿನ ಒಂದು ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ಮೂರು ಕಿಲೋ ತೂಗುವ ಬೆಕ್ಕಿಗೆ 15 ಗ್ರಾಂ ಎಂದರೆ ಒಂದು ಸಣ್ಣ ಈರುಳ್ಳಿಯೂ ಅಲ್ಲ. ಬೇಯಿಸಿದರೂ ಹುರಿದರೂ ಈ ಗುಣ ಹೋಗುವುದಿಲ್ಲ. ದಿನವೂ ಒಂದಿಷ್ಟು ಈರುಳ್ಳಿ ಹಾಕಿದ ಪಲ್ಯ, ಸಾಂಬಾರ್ ತಿನ್ನುವ ಬೆಕ್ಕಿನ ಒಸಡು ಬಿಳಿಚಿಕೊಂಡಿದ್ದರೆ ಕಾರಣ ಅದೇ ಇರಬಹುದು.

ಪಾಲಕ್, ದಂಟು, ಹರಿವೆಗಳಲ್ಲಿ ಆಕ್ಸಲೇಟ್ ಎಂಬ ಅಂಶ ಹೆಚ್ಚು. ಮೂತ್ರದ ಕಲ್ಲಿನ ತೊಂದರೆ ಇರುವ ಮನುಷ್ಯರಿಗೆ ನಾವು ಇದನ್ನು ಕಡಿಮೆ ಮಾಡಲು ಹೇಳುತ್ತೇವೆ. ಬೆಕ್ಕಿಗೂ ಅದೇ ಜಾತಿಯ ಕಲ್ಲುಗಳಾಗುತ್ತವೆ. ಮೂತ್ರದ ತೊಂದರೆ ಒಮ್ಮೆಯಾದರೂ ಬಂದಿರುವ ಬೆಕ್ಕಿಗೆ ಈ ಸೊಪ್ಪುಗಳು ಬೇಡವೇ ಬೇಡ.

ತಿನ್ನುವ ಸೊಪ್ಪಿಗಿಂತ ಅಲಂಕಾರದ ಗಿಡಗಳು ಹೆಚ್ಚು ಕೆಟ್ಟವು. ಹೂಗುಚ್ಛಗಳಲ್ಲಿ ಬರುವ ಲಿಲ್ಲಿ ಹೂವು ಬೆಕ್ಕಿನ ಮೂತ್ರಪಿಂಡಗಳನ್ನು ಎರಡು ಮೂರು ದಿನಗಳಲ್ಲಿ ಹಾಳು ಮಾಡಬಲ್ಲದು. ಎಲೆ ತಿನ್ನಲೇಬೇಕೆಂದಿಲ್ಲ, ಮೈಗೆ ಮೆತ್ತಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಕಣಗಿಲೆ ಹೃದಯಕ್ಕೆ ವಿಷ. ಮನಿಪ್ಲಾಂಟ್, ಡೀಫೆನ್‌ಬೇಕಿಯಾ ಗಿಡಗಳಲ್ಲಿ ಸೂಜಿಯಂಥ ಹರಳುಗಳಿವೆ, ಜಗಿದರೆ ಬಾಯಿ ನಾಲಿಗೆ ಊದಿಕೊಳ್ಳುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪತ್ರೊಡೆಗೆಂದು ತಂದ ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ಏಕೆ ಕೆರೆಯುತ್ತದೆ ಎಂದು ಅವರಿಗೆ ಗೊತ್ತು. ಎರಡಕ್ಕೂ ಕಾರಣ ಒಂದೇ.

ಮತ್ತೆ ಬೆಕ್ಕು ಹುಲ್ಲು ತಿನ್ನುವುದೇಕೆ?

ಬೆಕ್ಕು ಅಂಗಳದ ಗರಿಕೆಯನ್ನು ಕಚ್ಚಿ ತಿನ್ನುವುದನ್ನು ನೀವು ನೋಡಿರಬಹುದು. ಅದು ಸೊಪ್ಪಿನ ಹಸಿವಲ್ಲ, ಕಾಯಿಲೆಯ ಲಕ್ಷಣವೂ ಆಗಬೇಕಿಲ್ಲ. ಆರೋಗ್ಯವಂತ ಬೆಕ್ಕುಗಳೂ ಹೀಗೆ ಮಾಡುತ್ತವೆ. ಕರುಳಿನ ಹುಳುಗಳನ್ನು ಹೊರಹಾಕಲು ಅವುಗಳ ಪೂರ್ವಜರಿಗೆ ಬಂದ ರೂಢಿ ಇದು ಎಂಬುದು ಕೆಲವು ವಿಜ್ಞಾನಿಗಳ ವಿವರಣೆ. ಕೆಲವೊಮ್ಮೆ ತಿಂದದ್ದನ್ನು ಕೂದಲುಂಡೆಯ ಸಮೇತ ಕಕ್ಕುವುದೂ ಉಂಟು. ನಾಲ್ಕು ಎಸಳು ಗರಿಕೆಯಿಂದ ಹಾನಿಯಿಲ್ಲ. ಕೀಟನಾಶಕ, ಕಳೆನಾಶಕ ಹೊಡೆದ ಹುಲ್ಲಾಗಿರಬಾರದು ಅಷ್ಟೆ. ಫ್ಲ್ಯಾಟಿನಲ್ಲಿರುವವರು ಒಂದು ಕುಂಡದಲ್ಲಿ ಗೋಧಿಯ ಹುಲ್ಲು ಬೆಳೆಸಿ ಇಡಬಹುದು. ಆದರೆ ಪದೇಪದೇ ಹುಲ್ಲು ತಿಂದು ದಿನವೂ ಕಕ್ಕುವ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಬೇಕು.

ಬೇರೆ ಸಾಕುಪ್ರಾಣಿಗಳು

ನಾಯಿಯ ಲೆಕ್ಕ ಬೇರೆ. ಮನುಷ್ಯನ ಬೆನ್ನು ಹತ್ತಿ ಸಾವಿರಾರು ವರ್ಷ ಅವನ ಎಂಜಲು ತಿಂದ ನಾಯಿ ಪಿಷ್ಟವನ್ನು ಅರಗಿಸಿಕೊಳ್ಳಲು ಕಲಿತಿದೆ. ತೋಳಕ್ಕಿಂತ ನಾಯಿಯಲ್ಲಿ ಈ ಕೆಲಸದ ವಂಶವಾಹಿಗಳು ಹೆಚ್ಚಿವೆ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆ. ನಾಯಿ ಕ್ಯಾರೊಟಿನ್‌ನಿಂದ ‘ಎ’ ಜೀವಸತ್ವ ಮಾಡಿಕೊಳ್ಳುತ್ತದೆ, ಸಾಮಾನ್ಯವಾಗಿ ಟಾರಿನ್ ಕೂಡ ಮಾಡಿಕೊಳ್ಳುತ್ತದೆ. ರಾಗಿ ಮುದ್ದೆಯ ಜೊತೆಗೆ ಬೇಯಿಸಿದ ಸೊಪ್ಪು ಸ್ವಲ್ಪ ಹಾಕಿದರೆ ತೊಂದರೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಅದಕ್ಕೂ ಸಲ್ಲದು. ಮೊಲಕ್ಕೆ ಒಣಹುಲ್ಲು ಮುಖ್ಯ ಆಹಾರ, ಸೊಪ್ಪು ಅದರ ಜೊತೆಗೆ. ಅಲ್ಲಿಯೂ ಪಾಲಕ್ ಮಿತವಾಗಿರಲಿ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿಬಂದ ಓದುಗರೊಬ್ಬರು ಅಲ್ಲಿ ಸಾಕಿರುವ ಫೆರೆಟ್ ಎಂಬ ಪ್ರಾಣಿಗೆ ಸೊಪ್ಪು ಕೊಡಬಹುದೆ ಎಂದು ಕೇಳಿದ್ದಾರೆ. ನೋಡಲು ನಮ್ಮ ಮುಂಗುಸಿಯಂತೆ ಕಂಡರೂ ಇದು ನೀರುನಾಯಿಯ ಸಂಬಂಧಿ. ಯುರೋಪಿನಲ್ಲಿ ಎರಡು ಸಾವಿರ ವರ್ಷಗಳಿಂದ ಮೊಲಗಳನ್ನು ಬಿಲದಿಂದ ಹೊರಡಿಸಲು ಸಾಕುತ್ತ ಬಂದಿದ್ದಾರೆ. ಅಮೆರಿಕದಲ್ಲಿ ಅನೇಕರು ಮನೆಯಲ್ಲಿ ಸಾಕುತ್ತಾರೆ. ಆದರೆ ಕ್ಯಾಲಿಫೋರ್ನಿಯಾ ಮತ್ತು ಹವಾಯಿ ರಾಜ್ಯಗಳಲ್ಲಿ ಸಾಕಲು ಕಾನೂನಿನ ಅಡ್ಡಿಯಿದೆ. ಸೊಪ್ಪಿನ ವಿಷಯದಲ್ಲಿ ಫೆರೆಟ್ ಬೆಕ್ಕಿಗಿಂತಲೂ ಒಂದು ಕೈ ಮುಂದು. ಅದಕ್ಕೆ ಸೀಕಮ್ ಇಲ್ಲವೇ ಇಲ್ಲ, ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲಿ ಹೊರಗೆ ಬಂದುಬಿಡುತ್ತದೆ. ಅಷ್ಟರಲ್ಲಿ ಎಲೆಯ ನಾರು ಏನೂ ಅರಗುವುದಿಲ್ಲ. ಸಸ್ಯಮೂಲದ ಸಸಾರಜನಕ ಹೆಚ್ಚಾದರೆ ಫೆರೆಟ್‌ಗೆ ಮೂತ್ರಕೋಶದ ಕಲ್ಲುಗಳಾಗುತ್ತವೆ. ಆದ್ದರಿಂದ ಮಗಳ ಮನೆಯ ಫೆರೆಟ್‌ಗೆ ಮಾಂಸಾಹಾರವೇ ಇರಲಿ. ನೀವು ಮಾಡಿದ ಪಾಲಕ್ ಪಲ್ಯವನ್ನು ಮಗಳು ಅಳಿಯ ಉಣ್ಣಲಿ.

ಸಸ್ಯಾಹಾರಿ ಮನೆಯವರು ಏನು ಮಾಡಬೇಕು?

ಇದು ಮನಸ್ಸಿಗೆ ಕಷ್ಟದ ಪ್ರಶ್ನೆ. ಮನೆಯೊಳಗೆ ಮೊಟ್ಟೆಯನ್ನೂ ತಾರದವರು ಬೆಕ್ಕಿಗಾಗಿ ಮೀನು ಬೇಯಿಸಬೇಕೆ? ಅವರ ಸಂಕೋಚವನ್ನು ಹಗುರವಾಗಿ ನೋಡುವುದು ಸರಿಯಲ್ಲ. ಆದರೆ ವ್ರತ ಹಿಡಿದವರು ನಾವು, ಬೆಕ್ಕಲ್ಲ. ಸಸ್ಯಾಹಾರದ ಹಿಂದಿರುವುದು ಯಾವ ಜೀವಕ್ಕೂ ನೋವಾಗಬಾರದೆಂಬ ಭಾವನೆಯಾದರೆ, ನಮ್ಮನ್ನೇ ನಂಬಿ ಕೂತಿರುವ ಈ ಜೀವಕ್ಕೆ ನೋವಾಗದಂತೆ ನೋಡುವುದೂ ಅದರೊಳಗೇ ಬರುತ್ತದೆ.

ಇಂದು ಇದಕ್ಕೆ ಸುಲಭದ ದಾರಿಯಿದೆ. ಬೆಕ್ಕಿಗೆಂದೇ ತಯಾರಿಸಿದ ಒಣ ಆಹಾರ ಸಣ್ಣ ಊರುಗಳಲ್ಲೂ ಸಿಗುತ್ತದೆ. ಬಿಸ್ಕತ್ತಿನ ಕಾಳುಗಳಂತಿರುವ ಇದನ್ನು ಬೇಯಿಸಬೇಕಾಗಿಲ್ಲ, ಅಡುಗೆಮನೆಗೆ ತರಬೇಕಾಗಿಯೂ ಇಲ್ಲ. ಬಾಲ್ಕನಿಯಲ್ಲೋ ಹಿತ್ತಿಲಲ್ಲೋ ಅದರದೇ ತಟ್ಟೆಯಲ್ಲಿ ಇಟ್ಟರಾಯಿತು. ಪೊಟ್ಟಣದ ಮೇಲೆ ‘ಸಂಪೂರ್ಣ ಆಹಾರ’ ಎಂದು ಬರೆದಿದೆಯೇ, ಅದರಲ್ಲಿರುವ ವಸ್ತುಗಳ ಪಟ್ಟಿಯಲ್ಲಿ ಟಾರಿನ್ ಹೆಸರಿದೆಯೇ ನೋಡಿ ಕೊಳ್ಳಿ. ಒಣ ಆಹಾರದಲ್ಲಿ ಟಾರಿನ್ ಕನಿಷ್ಠ ಶೇ 0.1 ಇರಬೇಕೆಂಬುದು ಮಾನದಂಡ. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಟಾರಿನ್ ಸೇರಿಸಿಯೇ ಇರಬೇಕೆಂಬ ನಿಯಮವಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಟಾರಿನ್ ಸೇರಿಸಿದ ಸಸ್ಯಾಹಾರಿ ಬೆಕ್ಕಿನ ಆಹಾರವೂ ಕೆಲವೆಡೆ ಮಾರಾಟಕ್ಕಿದೆ. ಆ ದಾರಿ ಹಿಡಿಯುವವರು ಪಶುವೈದ್ಯರ ಸಲಹೆ ಪಡೆದು, ಆಗಾಗ ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸುತ್ತಿರಬೇಕು. ಮನೆಯಲ್ಲಿಯೇ ಸೊಪ್ಪು, ಬೇಳೆ, ಅನ್ನ ಬೇಯಿಸಿ ಅದಕ್ಕೆ ಸಮನಾದದ್ದನ್ನು ಮಾಡಲು ಆಗುವುದಿಲ್ಲ.

ಮಾಂಸಾಹಾರಿಗಳ ಮನೆಯಲ್ಲಿ ಬೆಕ್ಕಿನ ಪಾಡು ಸುಲಭವೆಂದು ತಿಳಿಯಬೇಡಿ. ಅಲ್ಲಿಯೂ ಅನೇಕ ಸಲ ಬೆಕ್ಕಿಗೆ ಸಿಗುವುದು ಮಸಾಲೆ ಹಾಕಿದ ಸಾರು ಮತ್ತು ಮುಳ್ಳು. ಉಪ್ಪು ಖಾರ ಹಾಕುವ ಮೊದಲೇ ಒಂದು ಪಾಲು ಮೀನು ಅಥವಾ ಕೋಳಿಯನ್ನು ತೆಗೆದಿಟ್ಟು, ಬೇಯಿಸಿ, ಮುಳ್ಳು ಮೂಳೆ ಬಿಡಿಸಿ ಹಾಕಿ. ಟಾರಿನ್ ನೀರಿನಲ್ಲಿ ಕರಗುವ ವಸ್ತು. ಆದ್ದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಕಲೆಸಿ ಕೊಡಿ. ಹಸಿ ಮಾಂಸ, ಹಸಿ ಮೀನು ಬೇಡ. ಹಸಿ ಮಾಂಸದಿಂದ ಬೆಕ್ಕಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ತಗಲಬಹುದು. ಅದರ ಮಲದಿಂದ ಅದು ಮನೆಯವರಿಗೂ ಬರಬಹುದು, ಗರ್ಭಿಣಿಯರ ಮಗುವಿಗೆ ಅದು ಅಪಾಯ. ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆಯನ್ನು ತೊಳೆಯುವ ಕೆಲಸ ಬೇರೆಯವರಿಗೆ ಬಿಡಲಿ.

ಕೆಲವು ಸೂಚನೆಗಳು

1. ಆಹಾರವನ್ನು ಒಮ್ಮೆಲೇ ಬದಲಾಯಿಸಬೇಡಿ. ಹಳೆಯ ಆಹಾರದಲ್ಲಿ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ ಹೋಗಿ, ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಾಯಿಸಿ.

2. ‘ಹಸಿದರೆ ತಾನೇ ತಿನ್ನುತ್ತೆ’ ಎಂದು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗಬಹುದು.

3. ಸೊಪ್ಪು ಕೊಡಲೇಬೇಕೆಂಬ ಆಸೆಯಿದ್ದರೆ ವಾರಕ್ಕೆ ಒಂದೆರಡು ಸಲ, ಒಂದು ಚಮಚ, ಬೇಯಿಸಿದ್ದು, ಸಪ್ಪೆಯಾದದ್ದು. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಸೇರಿರಬಾರದು.

4. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ್ದು ಬಾಯಿ ಸುಟ್ಟುಕೊಂಡ ಕಾರಣಕ್ಕೆ. ನಿಮ್ಮ ಬೆಕ್ಕಿಗೆ ಹಾಲು ಸೇರದಿದ್ದರೆ ಬಲವಂತ ಬೇಡ, ಶುದ್ಧ ನೀರು ಸದಾ ಇಟ್ಟಿರಿ.

5. ಬೆಳಕಿನಲ್ಲೂ ಅಗಲವಾಗಿರುವ ಪಾಪೆ, ಜಿಗಿಯಲು ಹಿಂಜರಿಕೆ, ಬಾಯಿ ತೆರೆದು ಉಸಿರಾಟ, ಹಿಂಗಾಲುಗಳು ಇದ್ದಕ್ಕಿದ್ದಂತೆ ಸೋಲುವುದು, ಬಿಳಿಚಿದ ಒಸಡು, ಗಂಡುಬೆಕ್ಕು ತಿಣುಕಿದರೂ ಮೂತ್ರ ಬಾರದಿರುವುದು ಇವುಗಳಲ್ಲಿ ಯಾವುದನ್ನು ಕಂಡರೂ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ.

6. ಮನುಷ್ಯರ ಮಾತ್ರೆ, ಸಿರಪ್‌ಗಳನ್ನು ಬೆಕ್ಕಿಗೆ ಕೊಡಬೇಡಿ.

7. ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿ. ಹೊರಗಿನ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಿ.

ಬೆಕ್ಕು ಮಾತಾಡುವುದಿಲ್ಲ. ಹಾಕಿದ್ದನ್ನು ತಿಂದು, ಕಾಲಿಗೆ ಮೈ ಉಜ್ಜಿ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಬೆಕ್ಕಿನ ತಟ್ಟೆಯ ಜವಾಬ್ದಾರಿಯನ್ನು ಅವರಿಗೇ ವಹಿಸಿ, ಪೊಟ್ಟಣದ ಮೇಲಿನ ಅಕ್ಷರಗಳನ್ನು ಅವರಿಂದಲೇ ಓದಿಸಿ. ಒಂದೇ ಮನೆಯಲ್ಲಿ ಒಂದೇ ಸೂರಿನಡಿ ಇರುವ ಎರಡು ಜೀವಗಳಿಗೆ ಬೇಕಾದ ಊಟ ಒಂದೇ ಅಲ್ಲ ಎನ್ನುವುದನ್ನು ಅವರು ಚಿಕ್ಕಂದಿನಲ್ಲೇ ಕಲಿಯಲಿ. ಅದು ಆದ ಮೇಲೆ ಅವರ ತಟ್ಟೆಗೆ ಸೊಪ್ಪಿನ ಪಲ್ಯ ಬಡಿಸಿ. ಅದನ್ನು ಪೂರ್ತಿ ತಿಂದೇ ಏಳಬೇಕು, ಮೇಜಿನ ಕೆಳಗೆ ಬೆಕ್ಕಿಗೆ ದಾಟಿಸುವಂತಿಲ್ಲ.